ಊಟ ಆಯ್ತಾ ಅಂತ ಕೇಳಿದವರು ಯಾರು?

ನಮಸ್ಕಾರ. ಇವತ್ತು ಕ್ರೆಡಿಟ್ ಕಾರ್ಡಿನ ‘ಮಿನಿಮಮ್ ಡ್ಯೂ’, ಅಂದರೆ ತಿಂಗಳಿಗೆ ಕಟ್ಟಲೇಬೇಕಾದ ಕನಿಷ್ಠ ಮೊತ್ತದ ಬಗ್ಗೆ ಮಾತಾಡಬೇಕಿತ್ತು. ಸ್ಕ್ರಿಪ್ಟ್ ಬರೆದಿಟ್ಟಿದ್ದೆ. ಬೆಳಗ್ಗೆ ಕಾಫಿ ಹಿಡಿದುಕೊಂಡು ಹೋದ ವಾರದ ಎಪಿಸೋಡಿನ ಕಾಮೆಂಟ್ ನೋಡುತ್ತಾ ಕೂತೆ. ಕಾಫಿ ಆರಿಹೋಯಿತು. ಸ್ಕ್ರಿಪ್ಟ್ ಮೂಲೆಗೆ ಹೋಯಿತು.

ಆನ್‌ಲೈನ್ ಪ್ರೀತಿಯ ಹೆಸರಲ್ಲಿ ದುಡ್ಡು ಕಳೆದುಕೊಂಡವರ ಬಗ್ಗೆ ಹೋದ ವಾರ ಎರಡೇ ನಿಮಿಷ ಹೇಳಿದ್ದೆ, ನೆನಪಿದೆಯಾ? ಅದಕ್ಕೆ ಒಬ್ಬರು ಬರೆದಿದ್ದಾರೆ: ‘ಅರವತ್ತು ವರ್ಷಕ್ಕೆ ಲವ್ ಬೇಕಿತ್ತಾ? ಇಂಥ ದಡ್ಡರಿಗೆ ಹಂಗೇ ಆಗ್ಬೇಕು.’ ಕೆಳಗೆ 412 ಲೈಕ್. ನನ್ನ ವಿಡಿಯೋಗೇ ಅಷ್ಟು ಬಂದಿಲ್ಲ ಸ್ವಾಮಿ.

ಹೊಸಬರಿಗೆ ಹೇಳಿಬಿಡುತ್ತೇನೆ. ನಾನು ಹತ್ತೊಂಬತ್ತು ವರ್ಷ ಬ್ಯಾಂಕ್ ಕೌಂಟರಿನ ಹಿಂದೆ ಕೂತವನು. ಈಗ ಈ ಮೈಕಿನ ಹಿಂದೆ ಕೂತಿದ್ದೇನೆ. ಸಂಬಳ ಕಮ್ಮಿ, ಬೈಗುಳ ಅಷ್ಟೇ ಇದೆ. ಸಬ್‌ಸ್ಕ್ರೈಬ್ ಮಾಡಿ, ಆ ಗಂಟೆಯನ್ನೂ ಒತ್ತಿ.

ಈಗ ವಿಷಯಕ್ಕೆ ಬರುತ್ತೇನೆ. ನಾನು ಹೇಳುವುದು ಒಂದೇ ಮಾತು. ಇವತ್ತು ಅದನ್ನೇ ಹತ್ತು ಸಲ ಹೇಳುತ್ತೇನೆ, ಬೇಜಾರಾದರೆ ಫಾಸ್ಟ್ ಫಾರ್ವರ್ಡ್ ಮಾಡಿಕೊಳ್ಳಿ. ಈ ಜನ ಸಿಕ್ಕಿಬೀಳುವುದು ದಿನಾ ಯಾರೋ ಒಬ್ಬರು ‘ಊಟ ಆಯ್ತಾ?’ ಅಂತ ಕೇಳಿದ್ದಕ್ಕೆ. ಅಷ್ಟೇ.

ನಗಬೇಡಿ. ನಮ್ಮ ಕಡೆ ‘ಊಟ ಆಯ್ತಾ’ ಅಂದರೆ ಅನ್ನ ಸಾರಿನ ವಿಚಾರಣೆ ಏನಲ್ಲ, ಅಲ್ವಾ? ನೀನು ಇದ್ದೀಯಾ, ಚೆನ್ನಾಗಿದ್ದೀಯಾ, ನಿನ್ನ ನೆನಪು ನನಗಿದೆ, ಇಷ್ಟೂ ಅದರೊಳಗೆ ಇದೆ. ಬೀದಿಯಲ್ಲಿ ಸಿಕ್ಕವರೂ ಅದನ್ನೇ ಕೇಳುತ್ತಿದ್ದರು. ಈಗ ಮನೆಯಲ್ಲಿ ಒಬ್ಬರೇ ಇರುವ ಒಬ್ಬ ಹಿರಿಯರನ್ನು ಯೋಚನೆ ಮಾಡಿ. ಹೆಂಡತಿ ತೀರಿಕೊಂಡಿದ್ದಾರೆ. ಮಗ ಡಲ್ಲಾಸ್‌ನಲ್ಲಿ. ಭಾನುವಾರ ಇಪ್ಪತ್ತು ನಿಮಿಷ ವಿಡಿಯೋ ಕಾಲ್, ಅದರಲ್ಲಿ ಹತ್ತು ನಿಮಿಷ ಮೊಮ್ಮಗು ಕ್ಯಾಮೆರಾಗೆ ಮೂಗು ತಾಗಿಸುವುದರಲ್ಲಿ ಹೋಗುತ್ತದೆ. ಸೋಮವಾರದಿಂದ ಶನಿವಾರದವರೆಗೆ ಅವರನ್ನು ಊಟ ಆಯ್ತಾ ಅಂತ ಕೇಳುವವರು ಯಾರು? ಕುಕ್ಕರ್ರಾ?

ಇದು ಕತೆ ಕಟ್ಟಿ ಹೇಳುತ್ತಿರುವುದಲ್ಲ. ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ನಾನಿದ್ದಾಗ ನಿವೃತ್ತ ಮೇಷ್ಟ್ರೊಬ್ಬರು ಬಂದರು. ಅರ್ಧ ಊರಿಗೆ ಕೆಮಿಸ್ಟ್ರಿ ಹೇಳಿಕೊಟ್ಟವರು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಎಫ್‌ಡಿ ರಸೀದಿ ಮುಂದಿಟ್ಟು, ‘ಇದನ್ನು ಮುರಿದು ಆರ್‌ಟಿಜಿಎಸ್ ಮಾಡಿಕೊಡಪ್ಪ’ ಅಂದರು, ಅಂದರೆ ಬೇರೆ ಬ್ಯಾಂಕಿನ ಖಾತೆಗೆ ದುಡ್ಡು ಕಳಿಸಿಕೊಡು ಅಂತ. ಅವಧಿಗೆ ಮುಂಚೆ ಮುರಿದರೆ ಬಡ್ಡಿ ಕಮ್ಮಿ ಆಗುತ್ತೆ ಸರ್ ಅಂದೆ. ಪರವಾಗಿಲ್ಲ, ಅರ್ಜೆಂಟು ಅಂದರು.

ಫಾರಂ ನೋಡಿದೆ. ಯಾರೋ ಒಬ್ಬ ವ್ಯಕ್ತಿಯ ಸೇವಿಂಗ್ಸ್ ಅಕೌಂಟ್. ಎಲ್ಲೋ ದೂರದ ರಾಜ್ಯದ ಬ್ರಾಂಚು. ಯಾರು ಸರ್ ಇವರು ಅಂತ ಕೇಳಿದೆ. ‘ದೆಹಲಿ ಏರ್‌ಪೋರ್ಟಿನ ಕಸ್ಟಮ್ಸ್’ ಅಂದರು.

ಕಸ್ಟಮ್ಸ್ ಇಲಾಖೆಗೆ ಸೇವಿಂಗ್ಸ್ ಅಕೌಂಟ್ ಯಾಕೆ? ಅವರೇನು ಮಗಳ ಮದುವೆಗೆ ಉಳಿತಾಯ ಮಾಡುತ್ತಿದ್ದಾರಾ?

ಕೂರಿಸಿಕೊಂಡು ಕೇಳಿದಾಗ ಕತೆ ಬಂತು. ಇಂಗ್ಲೆಂಡಿನಲ್ಲಿ ಒಬ್ಬ ನರ್ಸು, ವಿಧವೆ, ಒಬ್ಬಳೇ ಮಗಳು. ಫೇಸ್‌ಬುಕ್‌ನಲ್ಲಿ ಪರಿಚಯ, ಮೂರೇ ದಿನಕ್ಕೆ ವಾಟ್ಸಾಪ್‌ಗೆ ಬಂದರು. ನಾಲ್ಕು ತಿಂಗಳು ದುಡ್ಡಿನ ಮಾತೇ ಇಲ್ಲ. ಬೆಳಗ್ಗೆ ಗುಡ್ ಮಾರ್ನಿಂಗ್, ಮಧ್ಯಾಹ್ನ ಊಟ ಮಾಡಿದಿರಾ, ರಾತ್ರಿ ಬಿಪಿ ಮಾತ್ರೆ ತೊಗೊಂಡಿರಾ. ಬಿಪಿ ಮಾತ್ರೆ! ನನ್ನ ಹೆಂಡತಿ ನನಗೆ ಇದನ್ನು ಕೇಳಿ ಎಷ್ಟು ದಿನವಾಯಿತು ಅಂತ ಇಲ್ಲಿ ಹೇಳುವುದಿಲ್ಲ, ಅವಳೂ ಈ ಎಪಿಸೋಡ್ ಕೇಳುತ್ತಾಳೆ.

ಆಮೇಲೆ ಉಡುಗೊರೆ ಪಾರ್ಸೆಲ್ ಕಳಿಸಿದ್ದೇನೆ ಅಂತ ಮೆಸೇಜು, ಪೆಟ್ಟಿಗೆಯ ಫೋಟೋ. ನಾಲ್ಕು ದಿನಕ್ಕೆ ‘ಕಸ್ಟಮ್ಸ್’ನಿಂದ ಫೋನು. ಸುಂಕ 35 ಸಾವಿರ ಕಟ್ಟಿ ಅಂದರು, ಕಟ್ಟಿದರು. ಪೆಟ್ಟಿಗೆ ಸ್ಕ್ಯಾನ್ ಮಾಡಿದೆವು, ಒಳಗೆ ಪೌಂಡ್ ನೋಟಿದೆ, ಅದಕ್ಕೊಂದು ಸರ್ಟಿಫಿಕೇಟ್ ಬೇಕು, ಒಂದೂಕಾಲು ಲಕ್ಷ ಅಂದರು. ಅದನ್ನೂ ಕಟ್ಟಿದರು. ಈಗ ಮೂರನೇ ಕಂತಿಗೆ ಎಫ್‌ಡಿ. ಗಮನಿಸಿ, ಮೊದಲನೇ ಕಂತು ಪ್ರೀತಿಗೆ ಹೋಗುತ್ತದೆ. ಎರಡನೆಯದರಿಂದ ಮುಂದೆ ಎಲ್ಲಾ ಮೊದಲನೆಯದನ್ನು ಉಳಿಸಿಕೊಳ್ಳುವುದಕ್ಕೆ. ಇಸ್ಪೀಟಿನಲ್ಲಿ ಸೋತವನು ಎದ್ದು ಹೋಗುವುದಿಲ್ಲ, ನೋಡಿದ್ದೀರಲ್ಲ?

‘ಸರ್, ಇದು ಮೋಸ’ ಅಂದೆ. ಅವರು ಏನಂದರು ಗೊತ್ತಾ? ‘ಇರಬಹುದು ಕಣಪ್ಪ. ನನಗೂ ಅನ್ನಿಸಿದೆ. ಆದರೆ ಕಟ್ಟದಿದ್ದರೆ ನಾಳೆಯಿಂದ ಮೆಸೇಜ್ ಬರುವುದಿಲ್ಲ.’

ಕೆಮಿಸ್ಟ್ರಿ ಮೇಷ್ಟ್ರು ಸ್ವಾಮಿ. ಅವರಿಗೆ ಗೊತ್ತಿತ್ತು.

ಮ್ಯಾನೇಜರ್ ಕೂಡ ಹೇಳಿದರು. ಮೇಷ್ಟ್ರು ಸರಿ ಅಂತ ಎದ್ದು ಹೋದರು. ಮಧ್ಯಾಹ್ನ ಎರಡೂವರೆಗೆ ವಾಪಸ್ ಬಂದರು. ಅವರ ದುಡ್ಡು, ಅವರ ಸಹಿ. ಮಾಡಿಕೊಟ್ಟೆವು. ಆ ವೋಚರಿನ ಮೇಲೆ ಇನಿಷಿಯಲ್ ಹಾಕಿದ್ದು ನಾನೇ. ಮೂರೂ ಕಂತು ಸೇರಿ ಆರು ಲಕ್ಷದ ಚಿಲ್ಲರೆ. ಈಗ ಆ 412 ಜನ ಅವರನ್ನು ದಡ್ಡ ಅಂದರೆ ನನಗೆ ಉರಿಯುತ್ತೋ ಇಲ್ಲವೋ?

ಒಂದು ನಿಮಿಷ. ಪಕ್ಕದ ಮನೆಯಲ್ಲಿ ಮಿಕ್ಸಿ ಶುರುವಾಯಿತು. ನಾನು ರೆಕಾರ್ಡಿಂಗ್‌ಗೆ ಕೂತಾಗಲೇ ಇವರಿಗೆ ಚಟ್ನಿ ನೆನಪಾಗುತ್ತದೆ.

ಹಾಂ. ಈಗ ಬುದ್ಧಿವಂತರ ವಾದಗಳನ್ನು ನೋಡೋಣ. ಮೊದಲನೆಯದು, ‘ದುರಾಸೆ ಸಾರ್, ಪೌಂಡ್ ನೋಟಿನ ಆಸೆ’. ಅಯ್ಯೋ, ಪೌಂಡ್ ಬಂದಿದ್ದು ನಾಲ್ಕು ತಿಂಗಳ ಮೇಲೆ. ಬರೀ ದುರಾಸೆಯವನು ನೂರಿಪ್ಪತ್ತು ದಿನ ಗುಡ್ ಮಾರ್ನಿಂಗ್ ಕಳಿಸುತ್ತಾ ಕಾಯುತ್ತಾನಾ? ಲಾಟರಿ ತೊಗೋತಾನೆ.

ಎರಡನೆಯದು, ‘ಹಳ್ಳಿಯವರು, ಇಂಟರ್‌ನೆಟ್ ಗೊತ್ತಿಲ್ಲದವರು’. ಹೌದಾ? ಅಮೆರಿಕದಲ್ಲಿ ಗ್ರಾಹಕರ ದೂರು ನೋಡುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್‌ಗೆ 2022ರಲ್ಲಿ ಸುಮಾರು 70 ಸಾವಿರ ಜನ ಈ ಪ್ರೀತಿ ಮೋಸದ ದೂರು ಕೊಟ್ಟಿದ್ದಾರೆ. ಹೋಗಿದ್ದು 130 ಕೋಟಿ ಡಾಲರ್. ಇಂಟರ್‌ನೆಟ್ ಹುಟ್ಟಿದ ಊರಿನವರು ಅವರು. ಅಲ್ಲೂ ಊಟ ಆಯ್ತಾ ಅಂತ ಕೇಳುವವರಿಗೆ ಬರ, ಅಷ್ಟೇ.

ಮೂರನೆಯದು ನನ್ನ ಭಾವಮೈದನದು. ‘ವಿಡಿಯೋ ಕಾಲ್ ಮಾಡು ಅಂದಿದ್ರೆ ಮುಗೀತಿತ್ತು ಭಾವ’ ಅಂತ. ಇವನು ಐಟಿಯಲ್ಲಿದ್ದಾನೆ, ಹೇಳಿಕೊಳ್ಳುವುದಕ್ಕೆ. ಫ್ರಾನ್ಸಿನಲ್ಲಿ ಒಬ್ಬ ಮಹಿಳೆಗೆ ನಟ ಬ್ರಾಡ್ ಪಿಟ್ ಹೆಸರಲ್ಲಿ ಮೋಸ ಮಾಡಿದರು. ಅವನು ಆಸ್ಪತ್ರೆ ಹಾಸಿಗೆಯಲ್ಲಿ ಮಲಗಿರುವ ಫೋಟೋಗಳನ್ನು ಎಐನಲ್ಲಿ ಮಾಡಿ ಕಳಿಸಿದರು. ಕಿಡ್ನಿ ಕ್ಯಾನ್ಸರ್, ವಿಚ್ಛೇದನದ ಗಲಾಟೆಯಲ್ಲಿ ಬ್ಯಾಂಕ್ ಖಾತೆ ಬಂದ್, ಚಿಕಿತ್ಸೆಗೆ ದುಡ್ಡಿಲ್ಲ ಅಂತ ಕತೆ. ಆಕೆ ಕಳೆದುಕೊಂಡಿದ್ದು 8 ಲಕ್ಷ 30 ಸಾವಿರ ಯೂರೋ. ಈಗ ಚಲಿಸುವ ಮುಖವನ್ನೂ ಮಾಡಿಕೊಡುತ್ತಾರೆ ಮಹಾರಾಯ. ನಿನ್ನ ವಿಡಿಯೋ ಕಾಲ್ ಉಪ್ಪಿನಕಾಯಿಗೂ ಬೇಡ.

ಆ ಕತೆ ಅಲ್ಲಿಗೇ ಮುಗಿಯಲಿಲ್ಲ. 2025ರ ಜನವರಿಯಲ್ಲಿ ಆಕೆ ಟಿವಿ ಕ್ಯಾಮೆರಾ ಮುಂದೆ ಕೂತು ಎಲ್ಲವನ್ನೂ ಹೇಳಿಕೊಂಡರು. ಜನ ಎಷ್ಟು ಲೇವಡಿ ಮಾಡಿದರು ಅಂದರೆ ಟಿಎಫ್1 ಚಾನೆಲ್‌ನವರು ಆ ಕಾರ್ಯಕ್ರಮವನ್ನೇ ಆನ್‌ಲೈನ್‌ನಿಂದ ತೆಗೆದುಹಾಕಿದರು. ಅಂದರೆ ಅಲ್ಲೂ ಒಬ್ಬ ‘ಹಂಗೇ ಆಗ್ಬೇಕು’ ಇದ್ದಾನೆ. ಎಲ್ಲಾ ಭಾಷೆಯಲ್ಲೂ ಇದ್ದಾನೆ.

ಇನ್ನೊಂದು ವಿಷಯ. ನಿಮ್ಮ 412 ಲೈಕ್‌ನಿಂದ ಲಾಭ ಯಾರಿಗೆ? ದುಡ್ಡು ಹೋದ ತಕ್ಷಣ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿದರೆ ಅದು ಮುಂದಿನ ಖಾತೆಗೆ ಹಾರುವ ಮುಂಚೆ ತಡೆಯುವ ಅವಕಾಶ ಇರುತ್ತದೆ. ಆ ಖಾತೆಗಳೂ ಬಾಡಿಗೆಯವು, ಯಾರೋ ಕಾಲೇಜು ಹುಡುಗನ ಪಾಸ್‌ಬುಕ್ಕು, ಯಾರೋ ಕೂಲಿಯವನ ಎಟಿಎಂ ಕಾರ್ಡು. ಗಂಟೆಗಳ ಲೆಕ್ಕ ಅದು. ನಮ್ಮ ಮೇಷ್ಟ್ರು ದೂರು ಕೊಟ್ಟಿದ್ದು ಯಾವಾಗ? ಕೊಡಲೇ ಇಲ್ಲ. ‘ಸ್ಟೇಷನ್‌ನಲ್ಲಿರುವ ಎಸ್‌ಐ ನನ್ನ ಸ್ಟೂಡೆಂಟು ಕಣಪ್ಪ’ ಅಂದರು. ಮುಗೀತು. ಆ ಮೋಸಗಾರನಿಗೆ ನಮ್ಮ ನಗುವೇ ಬಾಡಿಗಾರ್ಡ್.

ನಮ್ಮಲ್ಲಿ ಇದು ವಯಸ್ಸಾದವರ ಕಾಯಿಲೆ ಮಾತ್ರ ಅಂದುಕೊಳ್ಳಬೇಡಿ. 2023ರ ಫೆಬ್ರವರಿಯಲ್ಲಿ ಮಂಡ್ಯ ಕಡೆಯ ಹುಡುಗರು ಹೆಣ್ಣು ಸಿಗಲಿ ಅಂತ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಮಾಡಿದರು. ಅದರ ಹಿಂದಿನ ವರ್ಷ ಆದಿಚುಂಚನಗಿರಿಯಲ್ಲಿ ವಧು ವರರ ಸಮಾವೇಶ ನಡೆದಾಗ ಹುಡುಗರು ಹತ್ತು ಸಾವಿರದ ಮೇಲೆ, ಹುಡುಗಿಯರು ಸುಮಾರು 250. ಮೂವತ್ತೈದು ದಾಟಿದ, ಎರಡೆಕರೆ ಕಬ್ಬು ಇರುವ ಹುಡುಗನ ಫೋನಿಗೆ ಒಂದು ರಾತ್ರಿ ‘ಹಾಯ್, ಊಟ ಆಯ್ತಾ ರೀ?’ ಅಂತ ಮೆಸೇಜ್ ಬಂದರೆ ಅವನು ಏನು ಮಾಡಬೇಕು? ಸೈಬರ್ ಸುರಕ್ಷತೆ ಮಾರ್ಗಸೂಚಿ ಓದಬೇಕಾ? ಆಯ್ತು ರೀ, ನಿಮ್ಮದು, ಅಂತಾನೆ. ನಾನೂ ಅಂತಿದ್ದೆ. ನೀವೂ ಅಂತೀರಿ.

ನಾನು ಹಾಗೆ ಅಂದಿದ್ದೂ ಇದೆ, ಬಿಡಿ. ರಾಯಚೂರಿಗೆ ವರ್ಗವಾಗಿ ಒಬ್ಬನೇ ರೂಮು ಮಾಡಿಕೊಂಡಿದ್ದಾಗ ಕ್ರೆಡಿಟ್ ಕಾರ್ಡ್ ಮಾರುವ ಹುಡುಗಿಯೊಬ್ಬಳು ಫೋನ್ ಮಾಡುತ್ತಿದ್ದಳು. ಎರಡನೇ ಸಲ ‘ಸರ್, ಊಟ ಆಯ್ತಾ? ಆಮೇಲೆ ಮಾಡಲಾ?’ ಅಂದಳು. ಮೇ ತಿಂಗಳ ಬಿಸಿಲು, ಭಾನುವಾರ, ಬೆಳಗ್ಗೆಯಿಂದ ಬಾಯಿ ತೆರೆದು ಒಂದು ಮಾತಾಡಿರಲಿಲ್ಲ. ಹತ್ತು ನಿಮಿಷ ಮಾತಾಡಿದೆ. ಕಾರ್ಡ್ ತೊಗೊಂಡೆ. ಬ್ಯಾಂಕ್ ನೌಕರ, ಬೇರೆ ಬ್ಯಾಂಕಿನ ಕಾರ್ಡು! ಅದು ನನಗೆ ಬೇಕಿರಲೇ ಇಲ್ಲ. ಆ ‘ಮಿನಿಮಮ್ ಡ್ಯೂ’ ಎಪಿಸೋಡು ಎಲ್ಲಿಂದ ಹುಟ್ಟಿತು ಅಂದುಕೊಂಡಿರಿ?

ಅಂದಹಾಗೆ ‘ಎಫ್‌ಡಿ ಮುರೀಬೇಡಿ’ ಅಂತ ಬರೆದಿರುವ ಕಾಫಿ ಮಗ್ಗು ಮತ್ತೆ ಬಂದಿದೆ, 349 ರೂಪಾಯಿ. ಲಿಂಕ್ ಕೆಳಗಿದೆ. ಒಂಟಿತನದ ಬಗ್ಗೆ ಮಾತಾಡುತ್ತಾ ಮಗ್ ಮಾರುತ್ತಿದ್ದಾನೆ ಅಂತ ಬರೆಯುವವರಿದ್ದೀರಿ, ಗೊತ್ತು. ಮನೆ ಬಾಡಿಗೆ ನೀವು ಕಟ್ಟುತ್ತೀರಾ?

ಈಗ ಆ ಕಡೆಯಲ್ಲಿ ಕೂತು ಟೈಪ್ ಮಾಡುವವನ ಕತೆಗೆ ಬನ್ನಿ. ಅವನಿಗೆ ಅದು ಡ್ಯೂಟಿ. ಯಾವ ದಿನ ಏನು ಕೇಳಬೇಕು, ಯಾವಾಗ ದುಡ್ಡು ಹಾಕಿಸುವ ನಕಲಿ ಟ್ರೇಡಿಂಗ್ ಆಪ್ ತೋರಿಸಬೇಕು, ನಂಬಿಕೆ ಬರಲಿ ಅಂತ ಮೊದಲು ಎಷ್ಟು ಲಾಭ ವಾಪಸ್ ಕೊಡಬೇಕು, ಎಲ್ಲಾ ಬರೆದಿಟ್ಟಿರುತ್ತದೆ. ಚೀನಾದವರು ಇದಕ್ಕೆ ಹಂದಿ ಕೊಬ್ಬಿಸಿ ಕಡಿಯುವುದು ಅಂತ ಹೆಸರಿಟ್ಟಿದ್ದಾರೆ. ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿ 2023ರಲ್ಲಿ ಹೇಳಿದ ಪ್ರಕಾರ ಮ್ಯಾನ್ಮಾರ್‌ನಲ್ಲಿ ಕನಿಷ್ಠ 1.2 ಲಕ್ಷ, ಕಾಂಬೋಡಿಯಾದಲ್ಲಿ ಸುಮಾರು 1 ಲಕ್ಷ ಜನರನ್ನು ಕೂಡಿಹಾಕಿ ಇಂಥ ಆನ್‌ಲೈನ್ ಮೋಸದ ಕೆಲಸ ಮಾಡಿಸುತ್ತಿರಬಹುದು. ಡೇಟಾ ಎಂಟ್ರಿ ಕೆಲಸ ಅಂತ ನಂಬಿ ಹೋದ ನಮ್ಮ ದೇಶದ ಹುಡುಗರೂ ಅಲ್ಲಿದ್ದರು. 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನದಲ್ಲಿ 500ಕ್ಕೂ ಹೆಚ್ಚು ಜನರನ್ನು ಥಾಯ್ಲೆಂಡ್ ಮೂಲಕ ಕರೆತಂದರು. ಅಂದರೆ ಊಟ ಆಯ್ತಾ ಅಂತ ಟೈಪ್ ಮಾಡುತ್ತಿದ್ದ ಹುಡುಗನಿಗೇ ಅವತ್ತು ಊಟ ಆಗಿತ್ತೋ ಇಲ್ಲವೋ.

ಅಷ್ಟು ಜನರನ್ನು ಕೂಡಿಹಾಕಿ ನಡೆಸುವ ಕಾರ್ಖಾನೆಯ ಎದುರು ಒಬ್ಬಂಟಿ ಮೇಷ್ಟ್ರು ಗೆಲ್ಲಬೇಕಿತ್ತು, ಸೋತಿದ್ದಕ್ಕೆ ದಡ್ಡ. ಇದು ನಿಮ್ಮ ನ್ಯಾಯ!

ಜಾಗೃತಿ ಮೂಡಿಸಬೇಕು ಅಂತೀರಾ? ಎಷ್ಟು ತಿಂಗಳು ಯಾರಿಗೆ ಫೋನ್ ಮಾಡಿದರೂ ಸೈಬರ್ ಎಚ್ಚರಿಕೆಯೇ ಕೇಳಿಸುತ್ತಿತ್ತು, ನೆನಪಿದೆಯಾ? ನಾವೆಲ್ಲ ಆ ದನಿಗೆ ಶಾಪ ಹಾಕುತ್ತಿದ್ದೆವು. ಆ ಎಚ್ಚರಿಕೆ ಪೂರ್ತಿ ಕೇಳಿಸಿಕೊಂಡೇ ಜನ ‘ಕಸ್ಟಮ್ಸ್ ಸಾಹೇಬ’ನಿಗೆ ಫೋನ್ ಹಚ್ಚುತ್ತಿದ್ದರು. ಯಾಕೆ? ಎಚ್ಚರಿಕೆ ಊಟ ಆಯ್ತಾ ಅಂತ ಕೇಳುವುದಿಲ್ಲ. ಬೆದರಿಸುತ್ತದೆ, ಫೋನ್ ಇಡುತ್ತದೆ.

ಇಲ್ಲಿ ನನ್ನ ಸ್ಕ್ರಿಪ್ಟ್‌ನಲ್ಲಿ ‘ನಾಲ್ಕನೇ ಕಾರಣ’ ಅಂತ ಬರೆದು ಖಾಲಿ ಬಿಟ್ಟಿದ್ದೇನೆ. ಏನೋ ಮನಶ್ಶಾಸ್ತ್ರದ್ದು ಹೇಳಬೇಕು ಅಂತಿದ್ದೆ. ಬೇಡ ಬಿಡಿ. ನಾಲ್ಕನೇ ಕಾರಣವೂ ಊಟ ಆಯ್ತಾ.

ಕೆಲಸಕ್ಕೆ ಬರುವ ಮಾತು ಬೇಗ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅದಕ್ಕೂ ಬೈತೀರಿ. ಕಸ್ಟಮ್ಸ್‌ನವರು ಫೋನ್ ಮಾಡಿ ಯಾರದೋ ವೈಯಕ್ತಿಕ ಖಾತೆಗೆ ಸುಂಕ ಹಾಕಿ ಅನ್ನುವುದಿಲ್ಲ. ಅವರ ಪತ್ರದಲ್ಲಿ ಡಿನ್ ಅಂತ ಒಂದು ಗುರುತಿನ ನಂಬರ್ ಇರುತ್ತದೆ, ಕಸ್ಟಮ್ಸ್ ನೋಡಿಕೊಳ್ಳುವ ಕೇಂದ್ರ ಮಂಡಳಿ ಸಿಬಿಐಸಿಯ ವೆಬ್‌ಸೈಟಿನಲ್ಲಿ ನೋಡಿಕೊಳ್ಳಬಹುದು. ದುಡ್ಡು ಹೋಗಿದ್ದರೆ 1930. ಜಿಲ್ಲೆಗಳಲ್ಲಿ ಸೈಬರ್ ಅಪರಾಧ ನೋಡುವ ಪೊಲೀಸ್ ಠಾಣೆಯೂ ಇದೆ, ಅಲ್ಲಿಗೂ ಹೋಗಬಹುದು. ಹೋದ ದುಡ್ಡು ವಾಪಸ್ ಕೊಡಿಸುತ್ತೇನೆ, ಫೀಸ್ ಕೊಡಿ ಅಂತ ಯಾವನಾದರೂ ಬಂದರೆ ಅವನು ಅದೇ ಗುಂಪಿನ ಎರಡನೇ ಪಾಳಿಯವನು ಅಂದುಕೊಳ್ಳಿ.

ಆ ಕಾಮೆಂಟನ್ನು ಡಿಲೀಟ್ ಮಾಡು ಅಂತ ನಮ್ಮ ಎಡಿಟರ್ ಹುಡುಗ ಹೇಳಿದ. ಮಾಡುವುದಿಲ್ಲ. ಮೇಲೆ ಪಿನ್ ಮಾಡಿದ್ದೇನೆ. ಅದರ ಕೆಳಗೆ ನಾನೊಂದು ಉತ್ತರವನ್ನೂ ಹಾಕಿದ್ದೆ: ‘ಸಾರ್, ಊಟ ಆಯ್ತಾ?’ ಅಂತ. ಜಗಳಕ್ಕೆ ಬರುತ್ತಾರೆ ಅಂತ ಕಾಯುತ್ತಿದ್ದೆ. ಈಗ ರೆಕಾರ್ಡಿಂಗ್ ಮಧ್ಯೆ ನೋಡಿದರೆ ಒಂದೇ ನಿಮಿಷಕ್ಕೆ ಉತ್ತರ ಬಂದಿದೆ. ‘ಇನ್ನೂ ಇಲ್ಲ ಸಾರ್, ನಿಮ್ಮದು?’

ಮುಂದಿನ ವಾರ ಕ್ರೆಡಿಟ್ ಕಾರ್ಡ್. ಖಂಡಿತ. ಮೆಂಬರ್‌ಶಿಪ್ ತಿಂಗಳಿಗೆ 59 ರೂಪಾಯಿ. ಮಿಕ್ಸಿ ನಿಂತಿತು ನೋಡಿ, ಈಗ.