ಸ್ವಿಚ್ ಕೊಳ್ಳುವ ಮೊದಲು ವ್ಯಾಟ್ ಕೂಡಿಸಿ

ಆಕಾಶವಾಣಿ ಭದ್ರಾವತಿಯ ಕೇಳುಗರಿಗೆ ನಮಸ್ಕಾರ.

ಅಡಿಕೆ ಮಂಡಿ, ರೈಸ್ ಮಿಲ್, ನರ್ಸಿಂಗ್ ಹೋಮ್, ಹೋಮ್‌ಸ್ಟೇ, ಹೀಗೆ ಏನಾದರೂ ಒಂದು ವ್ಯವಹಾರ ನಡೆಸುವವರು ಕೇಳುತ್ತಿದ್ದೀರಿ ಎಂದುಕೊಂಡು ಮಾತಾಡುತ್ತೇನೆ. ನಿಮ್ಮ ಮೇಜಿನ ಮೇಲೆ ಎರಡೋ ಮೂರೋ ಕೊಟೇಶನ್ ಇವೆ. ಎಲ್ಲದರಲ್ಲೂ ನೆಟ್‌ವರ್ಕ್ ಸ್ವಿಚ್ ಅಂತ ಒಂದು ಸಾಲು ಇದೆ. ಕಂಪ್ಯೂಟರು, ಬಿಲ್ಲಿಂಗ್ ಮೆಷಿನ್ನು, ಕ್ಯಾಮೆರಾ, ವೈಫೈ, ಎಲ್ಲದರ ವೈರೂ ಬಂದು ಸೇರುವ ಪೆಟ್ಟಿಗೆ ಅದು. ಒಂದಕ್ಕಿಂತ ಇನ್ನೊಂದರ ಬೆಲೆ ದುಪ್ಪಟ್ಟು. ಆದರೆ ಎರಡರಲ್ಲೂ 24 ಪೋರ್ಟ್, ಅಂದರೆ ವೈರ್ ಚುಚ್ಚುವ 24 ಜಾಗ. ಹಾಗಿದ್ದರೆ ಕಡಿಮೆಯದ್ದೇ ಇರಲಿ ಅಂತ ನಿಮಗೆ ಅನಿಸುತ್ತದೆ, ಅಲ್ವಾ?

ಇಲ್ಲಿ ಸ್ವಲ್ಪ ತಡೆಯಿರಿ. ಜನ ನನ್ನ ಹತ್ತಿರ ಬಂದು ಮೊದಲು ಕೇಳುವುದು ಕಂಪನಿ ಹೆಸರು. ಸಿಸ್ಕೊ ಒಳ್ಳೆಯದಾ, ಅರೂಬಾ ಒಳ್ಳೆಯದಾ, ಡಿ-ಲಿಂಕ್ ಸಾಕಾ, ಟಿಪಿ-ಲಿಂಕ್ ಆಗುತ್ತಾ? ಆಮೇಲೆ ಕೇಳುವುದು ಎಷ್ಟು ಪೋರ್ಟ್ ಅಂತ. ವ್ಯಾಟ್ ಎಷ್ಟು ಅಂತ ಯಾರೂ ಕೇಳುವುದಿಲ್ಲ. ತೆರಿಗೆಯ ವ್ಯಾಟ್ ಅಲ್ಲ, ಕರೆಂಟಿನ ವ್ಯಾಟ್. ಕೇಳಬೇಕಾದ ಮೊದಲ ಪ್ರಶ್ನೆಯೇ ಅದು.

ಈಗಿನ ಕ್ಯಾಮೆರಾಗಳಿಗೆ, ವೈಫೈ ಪೆಟ್ಟಿಗೆಗಳಿಗೆ ಬೇರೆ ಕರೆಂಟ್ ವೈರ್ ಎಳೆಯುವುದಿಲ್ಲ. ನೆಟ್‌ವರ್ಕ್ ಕೇಬಲ್ಲಿನಲ್ಲೇ ಕರೆಂಟೂ ಹೋಗುತ್ತದೆ. ಇದಕ್ಕೆ ಪಿಒಇ ಅನ್ನುತ್ತಾರೆ, ಪವರ್ ಓವರ್ ಈಥರ್ನೆಟ್. ಆ ಕರೆಂಟ್ ಕೊಡುವುದು ಸ್ವಿಚ್. ಅದರ ಹತ್ತಿರ ಇರುವುದು ಒಂದು ಅಳತೆಯ ಕರೆಂಟ್ ಮಾತ್ರ. ನೀರಿನ ನಲ್ಲಿಗಳು 24 ಇರಬಹುದು, ಮೇಲಿರುವ ಟ್ಯಾಂಕ್ ಒಂದೇ, ಹಾಗೆ. ಆ ಟ್ಯಾಂಕಿನ ಅಳತೆಗೆ ಪಿಒಇ ಬಜೆಟ್ ಅಂತ ಹೆಸರು. ಅದನ್ನು ವ್ಯಾಟ್‌ನಲ್ಲಿ ಬರೆದಿರುತ್ತಾರೆ. ಡಬ್ಬಿಯ ಮೇಲೆ ದೊಡ್ಡದಾಗಿ ಕಾಣುವುದು ಪೋರ್ಟ್ ಸಂಖ್ಯೆ. ವ್ಯಾಟ್ ಇರುವುದು ಸಣ್ಣ ಅಕ್ಷರದಲ್ಲಿ.

ಇದರಿಂದ ಏನಾಗುತ್ತದೆ ಅನ್ನುವುದಕ್ಕೆ ಶಿವಮೊಗ್ಗದ ಒಂದು ಅಡಿಕೆ ಮಂಡಿಯ ವಿಷಯ ಹೇಳುತ್ತೇನೆ. ಹೆಸರು ಬೇಡ. ಮಂಡಿಯಲ್ಲಿ 16 ಕ್ಯಾಮೆರಾ ಹಾಕಿಸಿದ್ದರು. ಹಿಂದೆ ಗೋದಾಮು. ಅಲ್ಲಿ ರಾಶಿ, ಬೆಟ್ಟೆ, ಸರಕು ಅಂತ ಬಗೆಬಗೆಯ ಅಡಿಕೆಯ ಚೀಲಗಳು. ಅಡಿಕೆಗೆ ಇರುವ ಬೆಲೆ ನಿಮಗೇ ಗೊತ್ತು. ಒಂದು ಚೀಲ ಹೋದರೂ ಹೊಟ್ಟೆ ಉರಿಯುತ್ತದೆ. ಯಜಮಾನರು ನನಗೆ ಫೋನ್ ಮಾಡಿದರು. "ಮಾರಾಯ್ರೆ, ಕತ್ತಲಾದರೆ ಸಾಕು, ಗೋದಾಮಿನ ನಾಲ್ಕೂ ಕ್ಯಾಮೆರಾ ಬಂದ್ ಆಗ್ತವೆ. ಬೆಳಗಾದರೆ ತಾವೇ ಸರಿಯಾಗ್ತವೆ. ಯಾರೋ ಬೇಕಂತಲೇ ಮಾಡ್ತಿದ್ದಾರೆ."

ಅಷ್ಟರಲ್ಲಿ ಅವರು ಕ್ಯಾಮೆರಾ ಬದಲಾಯಿಸಿ ಆಗಿತ್ತು. ಕೇಬಲ್ ಬದಲಾಯಿಸಿ ಆಗಿತ್ತು. ಹೊಸ ಕ್ಯಾಮೆರಾವೂ ಸಂಜೆಯಾದ ಕೂಡಲೇ ಬಂದ್. ಉಳಿದದ್ದು ಅನುಮಾನ. ಅದು ರಾತ್ರಿ ಕಾವಲಿನ ಮುದುಕರ ಮೇಲೆ ಬಿತ್ತು. ಹೊಸನಗರದ ಕಡೆಯವರು, ತುಂಬಾ ವರ್ಷದಿಂದ ಅಲ್ಲೇ ಇದ್ದವರು. ಅವರು ಡ್ಯೂಟಿಗೆ ಬರುವ ಹೊತ್ತಿಗೇ ಕ್ಯಾಮೆರಾ ಹೋಗುತ್ತದೆ, ಅವರು ಮನೆಗೆ ಹೋಗುವ ಹೊತ್ತಿಗೆ ಬರುತ್ತದೆ. ಇನ್ನೇನು ಬೇಕು? ತಿಂಗಳ ಕೊನೆಗೆ ಬಿಡಿಸಿಬಿಡೋಣ ಅಂತ ಮಾತಾಗಿತ್ತು.

ನಾನು ಹೋದಾಗ ಅಲ್ಲಿನ ಗುಮಾಸ್ತರು ಒಂದು ಮಾತು ಹೇಳಿದರು. "ಸಾರ್, ಮೊನ್ನೆ ಜೋರು ಮಳೆ ಬಂತಲ್ಲ, ಅವತ್ತು ಮಧ್ಯಾಹ್ನ ಮೂರು ಗಂಟೆಗೇ ಹೋಗಿತ್ತು." ನಮ್ಮ ಕಡೆ ಆಷಾಢದ ಮಳೆ ಹೇಗಿರುತ್ತದೆ ಗೊತ್ತಲ್ಲ. ಮಧ್ಯಾಹ್ನವೇ ದೀಪ ಹಾಕಬೇಕಾಗುತ್ತದೆ. ಮೂರು ಗಂಟೆಗೆ ಆ ಕಾವಲಿನವರು ಮಂಡಿಯಲ್ಲೇ ಇರಲಿಲ್ಲ. ಹಾಗಾದರೆ ಕ್ಯಾಮೆರಾ ಬಂದ್ ಮಾಡುತ್ತಿದ್ದುದು ಮನುಷ್ಯರಲ್ಲ, ಕತ್ತಲೆ.

ಕತ್ತಲಾದಾಗ ಕ್ಯಾಮೆರಾ ಏನು ಮಾಡುತ್ತದೆ? ತನ್ನೊಳಗಿನ ಇನ್‌ಫ್ರಾರೆಡ್ ದೀಪ ಹೊತ್ತಿಸಿಕೊಳ್ಳುತ್ತದೆ. ಆ ಬೆಳಕು ನಮ್ಮ ಕಣ್ಣಿಗೆ ಕಾಣುವುದಿಲ್ಲ, ಕ್ಯಾಮೆರಾಕ್ಕೆ ಕಾಣುತ್ತದೆ. ಆದರೆ ಆ ದೀಪಕ್ಕೆ ಕರೆಂಟ್ ಬೇಕು. ಅಲ್ಲಿದ್ದ ಕ್ಯಾಮೆರಾ ಹಗಲಲ್ಲಿ ಸುಮಾರು 6 ವ್ಯಾಟ್ ತೆಗೆದುಕೊಳ್ಳುತ್ತಿತ್ತು. ರಾತ್ರಿ 12.

ಈಗ ನೀವೂ ನನ್ನ ಜೊತೆ ಲೆಕ್ಕ ಹಾಕಿ. ಹಗಲು 16 ಕ್ಯಾಮೆರಾಕ್ಕೆ 96 ವ್ಯಾಟ್. ಮೂರು ವೈಫೈ ಪೆಟ್ಟಿಗೆಗೆ 13ರಂತೆ 39. ಒಟ್ಟು 135. ಸ್ವಿಚ್ಚಿನ ಬಜೆಟ್ 190 ವ್ಯಾಟ್. ಆರಾಮಾಗಿ ನಡೆಯುತ್ತದೆ. ರಾತ್ರಿ ಅದೇ ಕ್ಯಾಮೆರಾಗಳಿಗೆ 192, ವೈಫೈಗೆ 39, ಒಟ್ಟು 231. ಇರುವುದು 190. ಸ್ವಿಚ್ ಏನು ಮಾಡಬೇಕು? ಕೊನೆಯ ಪೋರ್ಟುಗಳಲ್ಲಿದ್ದ ನಾಲ್ಕು ಕ್ಯಾಮೆರಾಗಳ ಕರೆಂಟ್ ತೆಗೆದು, ಉಳಿದವನ್ನು 183 ವ್ಯಾಟ್‌ನಲ್ಲಿ ನಡೆಸಿತು. ಆ ನಾಲ್ಕು ಗೋದಾಮಿನವು. ಸ್ವಿಚ್ ಕೆಟ್ಟಿರಲಿಲ್ಲ. ಕ್ಯಾಮೆರಾ ಕೆಟ್ಟಿರಲಿಲ್ಲ. ಕೊಳ್ಳುವಾಗ ಯಾರೂ ವ್ಯಾಟ್ ಕೂಡಿಸಿರಲಿಲ್ಲ, ಅಷ್ಟೇ.

ಗೋದಾಮಿನ ಹತ್ತಿರ 120 ವ್ಯಾಟ್‌ನ ಒಂದು ಸಣ್ಣ ಪಿಒಇ ಸ್ವಿಚ್ ಹಾಕಿ, ಎಂಟು ಕ್ಯಾಮೆರಾ ಅದಕ್ಕೆ ಸೇರಿಸಿದೆವು. ಅವತ್ತು ರಾತ್ರಿಯಿಂದ ಎಲ್ಲವೂ ಸರಿ. ಕಾವಲಿನವರು ಈಗಲೂ ಅಲ್ಲೇ ಇದ್ದಾರೆ. ಆದರೂ ನನಗೆ ಇದನ್ನು ನೆನೆಸಿಕೊಂಡರೆ ಸಂಕಟವಾಗುತ್ತದೆ. ಐದು ನಿಮಿಷದ ಲೆಕ್ಕ ಬಿಟ್ಟಿದ್ದಕ್ಕೆ ಒಬ್ಬ ಪ್ರಾಮಾಣಿಕ ಮನುಷ್ಯನ ಕೆಲಸ ಹೋಗುವುದಿತ್ತು.

ಆದ್ದರಿಂದ ವ್ಯಾಟ್ ಕೂಡಿಸಿ. ಪ್ರತಿ ಕ್ಯಾಮೆರಾದ, ಪ್ರತಿ ವೈಫೈ ಪೆಟ್ಟಿಗೆಯ ಕಾಗದದಲ್ಲಿ ಗರಿಷ್ಠ ವ್ಯಾಟ್ ಎಷ್ಟು ಅಂತ ಬರೆದಿರುತ್ತದೆ. ರಾತ್ರಿಯ ಲೆಕ್ಕ ತೆಗೆದುಕೊಳ್ಳಿ, ಹಗಲಿನದ್ದಲ್ಲ. ಎಲ್ಲ ಕೂಡಿಸಿ, ಮೇಲೆ ಕಾಲು ಭಾಗ ಸೇರಿಸಿ. ಅಷ್ಟು ಬಜೆಟ್ ಇರುವ ಸ್ವಿಚ್ ಯಾವುದೋ ಅದನ್ನೇ ಕೊಳ್ಳಿ.

ಕೊಟೇಶನ್ನಿನಲ್ಲಿ 802.3 ಎಎಫ್, ಎಟಿ, ಬಿಟಿ ಅಂತ ಬರೆದಿರುತ್ತಾರೆ. ಹೆದರಬೇಡಿ. ಎಎಫ್ ಅಂದರೆ ಒಂದು ಪೋರ್ಟಿಗೆ 15.4 ವ್ಯಾಟ್‌ವರೆಗೆ. ಎಟಿ ಅಂದರೆ 30. ಬಿಟಿ ಅಂದರೆ 60, ಇಲ್ಲವೇ 90. ಇದು ಒಂದೊಂದು ಪೋರ್ಟಿನ ಮಿತಿ, ಇಡೀ ಸ್ವಿಚ್ಚಿನದ್ದಲ್ಲ. 24 ಪೋರ್ಟಿಗೂ 15.4 ಕೊಡಬೇಕೆಂದರೆ 370 ವ್ಯಾಟ್ ಬೇಕು. ದುಪ್ಪಟ್ಟು ಬೆಲೆಯ ಸ್ವಿಚ್ಚಿನಲ್ಲಿ ಬಹಳ ಸಲ ಇರುವುದು ಇದೇ ವ್ಯತ್ಯಾಸ. ಒಂದು 190, ಇನ್ನೊಂದು 370. ನಿಮ್ಮ ಲೆಕ್ಕ 120 ಬಂದರೆ ಕಡಿಮೆ ಬೆಲೆಯದ್ದೇ ಸಾಕು, ಸುಮ್ನೆ ಜಾಸ್ತಿ ಕೊಡಬೇಡಿ. 250 ಬಂದರೆ ಎಷ್ಟು ರಿಯಾಯಿತಿ ಕೊಟ್ಟರೂ ಕಡಿಮೆಯದ್ದು ಬೇಡ.

ಯುಪಿಎಸ್ ಕೊಳ್ಳುವಾಗಲೂ ಇದೇ ಲೆಕ್ಕ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದರೆ ಕರೆಂಟ್ ಯಾವಾಗ ಬರುತ್ತದೆ ಅಂತ ಹೇಳುವುದಕ್ಕೆ ಆಗುವುದಿಲ್ಲ. ಅಷ್ಟೂ ಕ್ಯಾಮೆರಾಗಳ ಭಾರ ಸ್ವಿಚ್ ಮೂಲಕ ಯುಪಿಎಸ್ ಮೇಲೆ ಬೀಳುತ್ತದೆ. ಒಂದು ಕಂಪ್ಯೂಟರಿಗೆಂದು ತಂದ ಸಣ್ಣ ಯುಪಿಎಸ್‌ಗೆ 231 ವ್ಯಾಟ್ ಹಾಕಿದರೆ ಬೇಗ ಖಾಲಿಯಾಗುತ್ತದೆ.

ಸಮಯ ಕಡಿಮೆ ಇದೆ ಅಂತ ಗಾಜಿನ ಆಚೆಯಿಂದ ಸನ್ನೆ ಮಾಡುತ್ತಿದ್ದಾರೆ. ಉಳಿದದ್ದನ್ನು ಬೇಗ ಹೇಳುತ್ತೇನೆ.

ಮ್ಯಾನೇಜ್ಡ್ ಸ್ವಿಚ್, ಅಂದರೆ ಒಳಗಿನ ಸೆಟ್ಟಿಂಗ್ ನಾವೇ ಬದಲಿಸಬಹುದಾದ ಸ್ವಿಚ್, ಬೇಕಾ ಅಂತ ಕೇಳುತ್ತೀರಿ. ಹೊರಗಿನ ಜನ ನಿಮ್ಮ ವೈಫೈ ಬಳಸುವುದಾದರೆ ಬೇಕು. ಹೋಮ್‌ಸ್ಟೇಗೆ ಬಂದ ಅತಿಥಿಗಳ ಮೊಬೈಲು ನಿಮ್ಮ ಬಿಲ್ಲಿಂಗ್ ಕಂಪ್ಯೂಟರ್ ಇರುವ ನೆಟ್‌ವರ್ಕಿನಲ್ಲೇ ಇರಬಾರದು. ವಿಎಲ್ಯಾನ್, ಅಂದರೆ ಒಂದೇ ಸ್ವಿಚ್ಚಿನೊಳಗೆ ಬೇರೆ ಬೇರೆ ನೆಟ್‌ವರ್ಕ್, ಮಾಡಿ ಎರಡನ್ನೂ ಬೇರೆ ಇಡಬಹುದು. ಯಾರೋ ತಿಳಿಯದೆ ಒಂದೇ ಕೇಬಲ್ಲಿನ ಎರಡೂ ತುದಿ ಒಂದೇ ಸ್ವಿಚ್ಚಿಗೆ ಚುಚ್ಚಿದರೆ ಇಡೀ ಆಫೀಸಿನ ನೆಟ್‌ವರ್ಕ್ ನಿಲ್ಲುತ್ತದೆ. ಅದನ್ನು ತಡೆಯುವ ವಿಧಾನವನ್ನು ರೇಡಿಯಾ ಪರ್ಲ್‌ಮನ್ ಎಂಬ ಅಮೆರಿಕದ ಎಂಜಿನಿಯರ್ 1985ರಲ್ಲೇ ರೂಪಿಸಿದರು. ಮ್ಯಾನೇಜ್ಡ್ ಸ್ವಿಚ್ಚುಗಳಲ್ಲಿ ಅದು ಇರುತ್ತದೆ. ವರ್ಷ ವರ್ಷ ಲೈಸೆನ್ಸ್ ಹಣ ಕಟ್ಟಬೇಕಾ ಅಂತಲೂ ಕೇಳಿಕೊಳ್ಳಿ. ಕಟ್ಟದಿದ್ದರೆ ಕೆಲಸ ನಿಲ್ಲಿಸುವ ಸ್ವಿಚ್ಚುಗಳೂ ಇವೆ.

ಕೇಬಲ್ ಪೂರ್ತಿ ತಾಮ್ರದ್ದೇ ಇರಲಿ. ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ ಅಗ್ಗದ ಕೇಬಲ್ಲಿನಲ್ಲಿ ಕರೆಂಟ್ ದಾರಿಯಲ್ಲೇ ಸೋರಿಹೋಗುತ್ತದೆ. ಎಷ್ಟೇ ಒಳ್ಳೆಯ ಕೇಬಲ್ ಆದರೂ 100 ಮೀಟರ್ ದಾಟಬೇಡಿ.

ನಮ್ಮ ಕಡೆ ತೋಟದ ಗೇಟಿನಿಂದ ಮನೆಗೆ, ಆಫೀಸಿನಿಂದ ಗೋದಾಮಿಗೆ ಅದಕ್ಕಿಂತ ಜಾಸ್ತಿ ದೂರ ಇರುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲು ಬೇರೆ. ಎರಡು ಕಟ್ಟಡದ ನಡುವೆ ತಾಮ್ರದ ಕೇಬಲ್ ಎಳೆದರೆ, ಹತ್ತಿರ ಸಿಡಿಲು ಬಿದ್ದಾಗ ಎರಡೂ ಕಡೆಯ ಸ್ವಿಚ್ ಸುಡಬಹುದು. ಅಲ್ಲಿ ಫೈಬರ್ ಹಾಕಿಸಿ. ಅದಕ್ಕೆ ಸ್ವಿಚ್ಚಿನಲ್ಲಿ ಎಸ್‌ಎಫ್‌ಪಿ ಅನ್ನುವ ಜಾಗ ಇರಬೇಕು, ಕೊಟೇಶನ್ನಿನಲ್ಲಿ ನೋಡಿಕೊಳ್ಳಿ. ಫೈಬರಿನ ಗಾಜಿನ ಎಳೆಯಲ್ಲಿ ಕರೆಂಟ್ ಹೋಗುವುದಿಲ್ಲ. ಹಾಗಾಗಿ ಆ ತುದಿಯ ಕ್ಯಾಮೆರಾಗಳಿಗೆ ಅಲ್ಲೇ ಇನ್ನೊಂದು ಪಿಒಇ ಸ್ವಿಚ್ ಬೇಕು. ಅದರ ವ್ಯಾಟ್ ಲೆಕ್ಕವನ್ನು ಬೇರೆಯಾಗಿ ಹಾಕಿ, ಅಂಗಡಿಯವರಿಂದ ಬರೆಸಿಕೊಳ್ಳಿ.

ನಮಸ್ಕಾರ.