ಸುಂಕದ ಕಟ್ಟೆಯಿಂದ ಶ್ವೇತಭವನಕ್ಕೆ: ಚೆಸ್ಟರ್ ಆರ್ಥರ್

ಮಾನ್ಯ ಅಧ್ಯಕ್ಷರೇ, ಸಭಿಕ ಬಂಧುಗಳೇ,

ಲಿಂಕನ್ನರ ಬಗ್ಗೆ ಈ ಸಭೆಗೆ ನಾನು ಹೊಸದಾಗಿ ಹೇಳಬೇಕಾದದ್ದು ಏನೂ ಇಲ್ಲ. ಆದ್ದರಿಂದ 1881ರಿಂದ 1885ರವರೆಗೆ ಅಮೆರಿಕದ ಅಧ್ಯಕ್ಷರಾಗಿದ್ದು, ಈಗ ಆ ದೇಶದವರೇ ಬಹುಮಟ್ಟಿಗೆ ಮರೆತಿರುವ ಚೆಸ್ಟರ್ ಆರ್ಥರರನ್ನು ಆರಿಸಿಕೊಂಡಿದ್ದೇನೆ. ಗೆದ್ದ ಪಕ್ಷವು ಸರ್ಕಾರಿ ಹುದ್ದೆಗಳನ್ನು ತನ್ನವರಿಗೆ ಹಂಚುತ್ತಿದ್ದ ಪದ್ಧತಿಯಲ್ಲೇ ಬೆಳೆದ ಈ ಮನುಷ್ಯ, ಅದೇ ಪದ್ಧತಿಗೆ ಕಡಿವಾಣ ಹಾಕಿದ ಕಾನೂನಿಗೆ ಸಹಿ ಮಾಡಿದರು. ಇದನ್ನು ಪಶ್ಚಾತ್ತಾಪದ ಕಥೆಯಾಗಿ ಹೇಳುವುದು ವಾಡಿಕೆ. ನನಗೆ ಅದು ಪೂರ್ತಿ ಒಪ್ಪಿಗೆಯಾಗಿಲ್ಲ. ಒಂದು ಕಾನೂನಿಗೆ ಯಾರು ಸಹಿ ಹಾಕಿದರೆಂದು ಕೇಳಿ ನಿಲ್ಲಬಾರದು, ಅದನ್ನು ಯಾರ ಕೈಗೆ ಒಪ್ಪಿಸಿದರೆಂದೂ ಕೇಳಬೇಕು.

ಆರ್ಥರರು 1829ರಲ್ಲಿ ವರ್ಮಾಂಟ್ ರಾಜ್ಯದಲ್ಲಿ, ಗುಲಾಮಗಿರಿಯನ್ನು ಕಟುವಾಗಿ ವಿರೋಧಿಸುತ್ತಿದ್ದ ಪಾದ್ರಿಯೊಬ್ಬರ ಮಗನಾಗಿ ಹುಟ್ಟಿದರು. ಎಲಿಜಬೆತ್ ಜೆನ್ನಿಂಗ್ಸ್ ಎಂಬ ಕಪ್ಪು ಜನಾಂಗದ ಶಿಕ್ಷಕಿಯನ್ನು ನ್ಯೂಯಾರ್ಕಿನ ಕುದುರೆ ಟ್ರಾಮಿನಿಂದ ಬಲವಂತವಾಗಿ ಕೆಳಗಿಳಿಸಿದ್ದ ಪ್ರಕರಣದಲ್ಲಿ ಆಕೆಯ ಪರ ವಾದಿಸಿ 1855ರಲ್ಲಿ ಗೆದ್ದ ತರುಣ ವಕೀಲರು ಇವರೇ. ಆದರೆ 1871ರಲ್ಲಿ ಅಧ್ಯಕ್ಷ ಗ್ರಾಂಟ್ ಇವರನ್ನು ನ್ಯೂಯಾರ್ಕ್ ಬಂದರಿನ ಸುಂಕಾಧಿಕಾರಿಯಾಗಿ ನೇಮಿಸಿದಾಗ ನಾವು ಕಾಣುವುದು ಬೇರೆಯೇ ಆರ್ಥರರನ್ನು. ದೇಶದ ಆಮದು ಸುಂಕದ ಬಹುಪಾಲು ಬರುತ್ತಿದ್ದದ್ದು ಆ ಬಂದರಿನಿಂದ. ವಸೂಲಾದ ದಂಡದಲ್ಲಿ ಅಧಿಕಾರಿಗೂ ಪಾಲಿದ್ದುದರಿಂದ, 1874ರಲ್ಲಿ ಆ ಪಾಲು ರದ್ದಾಗುವವರೆಗೆ ಅವರ ಆದಾಯ ಅಧ್ಯಕ್ಷರ ಸಂಬಳವನ್ನೂ ಮೀರಿತ್ತು. ನೌಕರರು ತಮ್ಮ ಸಂಬಳದ ಒಂದಂಶವನ್ನು ಪಕ್ಷದ ನಿಧಿಗೆ ಕೊಡಬೇಕಿತ್ತು. 1878ರಲ್ಲಿ ಅಧ್ಯಕ್ಷ ಹೇಯ್ಸ್ ಇವರನ್ನು ಆ ಹುದ್ದೆಯಿಂದ ತೆಗೆದರು. ಎರಡೇ ವರ್ಷಗಳಲ್ಲಿ ಪಕ್ಷ ಇವರನ್ನು ಉಪಾಧ್ಯಕ್ಷರನ್ನಾಗಿ ಮಾಡಿತು. ವರ್ಗಾವಣೆಗಳ ಗತಿಯನ್ನು ಬಲ್ಲ ಈ ಸಭೆಗೆ ಅದನ್ನು ವಿವರಿಸಬೇಕಾಗಿಲ್ಲ.

1881ರ ಜುಲೈ 2ರಂದು ಅಧ್ಯಕ್ಷ ಗಾರ್ಫೀಲ್ಡರಿಗೆ ಗುಂಡು ಹೊಡೆದ ಚಾರ್ಲ್ಸ್ ಗಿಟೋ, ಕೆಲಸ ಸಿಗದೆ ಹತಾಶನಾಗಿದ್ದವನು. ಇನ್ನು ಆರ್ಥರರೇ ಅಧ್ಯಕ್ಷರೆಂದು ಅವನು ಸ್ಥಳದಲ್ಲೇ ಸಾರಿದ್ದರಿಂದ ಅನುಮಾನದ ನೆರಳು ಆರ್ಥರರ ಮೇಲೂ ಬಿತ್ತು. ಗಾಯಾಳು ಇನ್ನೂ ನರಳುತ್ತಿದ್ದಾಗಲೇ, ಆಗಸ್ಟ್ ಕೊನೆಯಲ್ಲಿ, ಇವರಿಗೊಂದು ಕಾಗದ ಬಂತು. ಈ ಪ್ರಸಂಗವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಕ್ಷಮಿಸಬೇಕು. ಬರೆದವರು ಜೂಲಿಯಾ ಸ್ಯಾಂಡ್, ನ್ಯೂಯಾರ್ಕಿನಲ್ಲಿ ಅನಾರೋಗ್ಯದಿಂದ ಮನೆಯಲ್ಲೇ ಉಳಿದಿದ್ದ ಅವಿವಾಹಿತೆ. ಆರ್ಥರರ ಪರಿಚಯವೇ ಅವರಿಗಿರಲಿಲ್ಲ. ನೀವು ಅಧ್ಯಕ್ಷರಾಗುವಿರೆಂದು ಜನ ಹೆದರುತ್ತಿದ್ದಾರೆ, ನಿಮ್ಮಲ್ಲಿ ಒಳ್ಳೆಯತನದ ಕಿಡಿಯೇನಾದರೂ ಉಳಿದಿದ್ದರೆ ಅದು ಬೆಳಗಬೇಕಾದದ್ದು ಈಗ ಎಂಬುದು ಅದರ ಸಾರಾಂಶ. ಅಷ್ಟಕ್ಕೇ ನಿಲ್ಲಿಸದೆ ಇಪ್ಪತ್ತಕ್ಕೂ ಹೆಚ್ಚು ಕಾಗದಗಳನ್ನು ಬರೆದರು. ಮೆಚ್ಚಿದರು, ಗದರಿದರು, ಅರಸನಿಗೆ ನಿಜವನ್ನು ಹೇಳಬಲ್ಲವನು ಆಸ್ಥಾನದ ಕುಬ್ಜನೊಬ್ಬನೇ, ನಾನು ನಿಮ್ಮ ಆ ಕುಬ್ಜೆ ಎಂದರು. 1882ರ ಆಗಸ್ಟ್ 20ರ ಸಂಜೆ ಅಧ್ಯಕ್ಷರ ಗಾಡಿ, ಮುನ್ಸೂಚನೆಯೇ ಇಲ್ಲದೆ, ಆಕೆಯ ಮನೆಯ ಮುಂದೆ ಬಂದು ನಿಂತಿತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆನ್ನುತ್ತಾರೆ ನಮ್ಮವರು. ಈ ಸುಂಕದವನು ಮನೆಗೇ ಬಂದು ಕೇಳಿದ.

ಆದರೂ ಕಾನೂನು ಆ ಕಾಗದಗಳಿಂದ ಬಂತೆನ್ನಲಾರೆ. 1882ರ ಚುನಾವಣೆಯಲ್ಲಿ ಆರ್ಥರರ ಪಕ್ಷದವರಾದ ರಿಪಬ್ಲಿಕನ್ನರು ಕೆಳಮನೆಯನ್ನು ಕಳೆದುಕೊಂಡರು. ಶ್ವೇತಭವನವೂ ಕೈತಪ್ಪಿದರೆ ತಮ್ಮವರೆಲ್ಲ ಮನೆಗೆ ಹೋಗಬೇಕಾದೀತೆಂಬ ಭಯ ಹುಟ್ಟಿದ ಮೇಲೆಯೇ ಅವರಲ್ಲಿ ಅನೇಕರಿಗೆ ಸುಧಾರಣೆಯ ಮೇಲೆ ಪ್ರೀತಿ ಉಕ್ಕಿತು. ಡೆಮಾಕ್ರಟಿಕ್ ಸೆನೆಟರ್ ಪೆಂಡಲ್ಟನ್ನರ ಮಸೂದೆಗೆ ಆರ್ಥರರು 1883ರ ಜನವರಿ 16ರಂದು ಸಹಿ ಹಾಕಿದರು. ಕೆಲವು ಹುದ್ದೆಗಳಿಗೆ ಸ್ಪರ್ಧಾ ಪರೀಕ್ಷೆ ಬಂತು. ನೌಕರರಿಂದ ಪಕ್ಷಕ್ಕೆ ಬಲವಂತದ ವಂತಿಗೆ ಎತ್ತುವುದು ನಿಷಿದ್ಧವಾಯಿತು. ಇಲ್ಲಿಯವರೆಗೆ ಅವರಿಗೆ ನಾನು ವಿಶೇಷ ಅಂಕ ಕೊಡುವುದಿಲ್ಲ. ಅಂಕ ಕೊಡುವುದು ಮುಂದಿನ ಹೆಜ್ಜೆಗೆ. ಈ ಕಾನೂನನ್ನು ಜಾರಿಗೆ ತರಬೇಕಿದ್ದ ಆಯೋಗವನ್ನು ತಮ್ಮ ಹಳೆಯ ಬಳಗದವರಿಂದ ತುಂಬಿ ಕಾನೂನನ್ನು ಮೂಲೆಗೆ ತಳ್ಳುವ ಅವಕಾಶವಿದ್ದರೂ, ಸುಧಾರಣೆಗಾಗಿ ವರ್ಷಗಟ್ಟಲೆ ಹೋರಾಡಿದ ಡಾರ್ಮನ್ ಈಟನ್ನರನ್ನೇ ಅದರ ಮುಖ್ಯಸ್ಥರನ್ನಾಗಿ ಮಾಡಿದರು. ಬ್ರಿಟಿಷ್ ನಾಗರಿಕ ಸೇವೆಯನ್ನು ಅಭ್ಯಾಸ ಮಾಡಿ ವರದಿ ಬರೆದವರು ಈಟನ್. ಆ ಬ್ರಿಟಿಷ್ ವ್ಯವಸ್ಥೆಯಲ್ಲಿ ಮುಕ್ತ ಸ್ಪರ್ಧೆ ಮೊದಲು ಬಂದದ್ದು, 1855ರಲ್ಲಿ, ಭಾರತದ ಸಿವಿಲ್ ಸೇವೆಗೆ. ಪರೀಕ್ಷೆ ನಡೆಯುತ್ತಿದ್ದದ್ದು ಲಂಡನ್ನಿನಲ್ಲಿ ಎಂಬುದು ಬೇರೆ ಮಾತು.

ಸಭಾಧ್ಯಕ್ಷರಿಂದ ಚೀಟಿ ಬಂದಿದೆ, ಉಳಿದದ್ದನ್ನು ಓಡಿಸುತ್ತೇನೆ. ಚೀನೀಯರ ವಲಸೆಯನ್ನು 20 ವರ್ಷ ತಡೆಯುವ ಮಸೂದೆಯನ್ನು ತಿರಸ್ಕರಿಸಿದವರು, ತಿಂಗಳೊಪ್ಪತ್ತಿನಲ್ಲಿ 10 ವರ್ಷದ ಮಸೂದೆಗೆ ಸಹಿ ಹಾಕಿದರು. ಅದು ಅವರ ಆಡಳಿತದ ಕಳಂಕವೇ ಸರಿ. ಉಕ್ಕಿನ ಹೊಸ ನೌಕಾಪಡೆಗೆ ಅಡಿಪಾಯ ಹಾಕಿದ್ದೂ ಇವರ ಕಾಲವೇ. ಮಾರಕವಾದ ಮೂತ್ರಪಿಂಡದ ಕಾಯಿಲೆಯನ್ನು ಜನರಿಂದ ಮುಚ್ಚಿಟ್ಟೇ ಆಳಿದರು. 1884ರಲ್ಲಿ ಪಕ್ಷ ಇವರಿಗೆ ಟಿಕೆಟ್ ಕೊಡಲಿಲ್ಲ. 1886ರಲ್ಲಿ ಸಾಯುವ ಮುನ್ನ ತಮ್ಮ ಕಾಗದಪತ್ರಗಳನ್ನೆಲ್ಲ ಸುಡಿಸಿದರು. ಜೂಲಿಯಾರ ಕಾಗದಗಳು ಮಾತ್ರ ಹೇಗೋ ಉಳಿದುಕೊಂಡವು.

ಪೆಂಡಲ್ಟನ್ ಕಾನೂನಿನ ವ್ಯಾಪ್ತಿಗೆ ಮೊದಲು ಬಂದದ್ದು ಕೇಂದ್ರ ಸರ್ಕಾರದ ಸುಮಾರು ಶೇ. 10ರಷ್ಟು ಹುದ್ದೆಗಳು ಮಾತ್ರ. ಆದರೆ ಅದನ್ನು ಹಿಗ್ಗಿಸುವ ಅಧಿಕಾರ ಅಧ್ಯಕ್ಷರಿಗಿತ್ತು. ಮುಂದಿನ ವರ್ಷಗಳಲ್ಲಿ, ಅಧಿಕಾರ ಬಿಡುವ ಅಧ್ಯಕ್ಷರು ತಾವು ನೇಮಿಸಿದವರನ್ನು ಎದುರು ಪಕ್ಷ ಕಿತ್ತುಹಾಕದಿರಲೆಂದು ಅವರ ಹುದ್ದೆಗಳನ್ನೂ ಕಾನೂನಿನ ರಕ್ಷಣೆಗೆ ಸೇರಿಸುತ್ತ ಹೋದರು. ಹಾಗೆ ಒಮ್ಮೆ ಸೇರಿದ ಹುದ್ದೆ ತೆರವಾದಾಗ, ಅದಕ್ಕೆ ಪರೀಕ್ಷೆ ಬರೆದವರೇ ಬರಬೇಕಾಯಿತು.