ಡ್ರೈವರ್ ಓಟು ಹಾಕಿದ್ದರೂ ಗೆಲ್ಲುತ್ತಿರಲಿಲ್ಲ! ಸಂತೇಮರಹಳ್ಳಿಯ ಒಂದು ಓಟಿನ ಕಥೆ

40,752. ಅದರ ಕೆಳಗೆ 40,751.

ಈ ಎರಡು ಸಂಖ್ಯೆ ಸ್ವಲ್ಪ ಹೊತ್ತು ಸ್ಕ್ರೀನ್ ಮೇಲೆ ಹಾಗೇ ಇರಲಿ. 2004ರ ಕರ್ನಾಟಕ ವಿಧಾನಸಭಾ ಚುನಾವಣೆ. ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಮೀಸಲು ಕ್ಷೇತ್ರ. ಮೇಲಿನದು ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ ಬಿದ್ದ ಓಟು. ಕೆಳಗಿನದು ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಅವರದ್ದು. ಎರಡೂ ಸೇರಿದರೆ 81 ಸಾವಿರಕ್ಕೂ ಜಾಸ್ತಿ. ನಡುವಿನ ಅಂತರ ಒಂದು. ಹೌದು, ಒಂದೇ ಒಂದು.

ಪ್ರತಿ ಚುನಾವಣೆ ಬಂದಾಗಲೂ ಈ ಕಥೆ ವಾಟ್ಸಾಪಿನಲ್ಲಿ ಓಡಾಡುತ್ತದೆ. "ಒಂದು ಓಟಿನ ಬೆಲೆ" ಅಂತ ಪೋಸ್ಟರ್ ಮಾಡುತ್ತಾರೆ. ಶಾಲೆಯಲ್ಲಿ ಮಕ್ಕಳಿಗೆ ಭಾಷಣಕ್ಕೆ ಕೊಡುತ್ತಾರೆ. ಆದರೆ ಆ ಊರು ಎಲ್ಲಿದೆ, ಆಮೇಲೆ ಅಲ್ಲಿ ಏನಾಯಿತು, ಆ ಕ್ಷೇತ್ರ ಈಗ ಇದೆಯಾ ಅಂತ ಕೇಳಿದರೆ ಜಾಸ್ತಿ ಜನರಿಗೆ ಗೊತ್ತಿಲ್ಲ. ಅದಕ್ಕೇ ಈ ಸಲ ಕ್ಯಾಮೆರಾ ತಗೊಂಡು ಇಲ್ಲಿಗೇ ಬಂದೆ.

ನೀವು ನೋಡುತ್ತಿರುವುದು ಸಂತೇಮರಹಳ್ಳಿಯ ಸರ್ಕಲ್. ಒಂದು ದಾರಿ ಚಾಮರಾಜನಗರಕ್ಕೆ, ಒಂದು ಯಳಂದೂರು ದಾಟಿ ಕೊಳ್ಳೇಗಾಲಕ್ಕೆ, ಇನ್ನೊಂದು ಮೂಗೂರು ಮೇಲೆ ಟಿ. ನರಸೀಪುರಕ್ಕೆ. ದೂರದಲ್ಲಿ ನೀಲಿಯಾಗಿ ಕಾಣುತ್ತಿರುವುದು ಬಿಳಿಗಿರಿರಂಗನ ಬೆಟ್ಟದ ಸಾಲು. ಬಸ್ಸು ಕಾಯುವವರು, ಹೂವಿನ ಅಂಗಡಿ, ಬೋಂಡಾದ ಎಣ್ಣೆ ವಾಸನೆ. ಒಂದು ಕಾಲದಲ್ಲಿ ಇಡೀ ರಾಜ್ಯವೇ ತಿರುಗಿ ನೋಡಿದ ಕ್ಷೇತ್ರ ಇದು ಅಂತ ಹೇಳುವ ಒಂದು ಬೋರ್ಡೂ ಇಲ್ಲ. ಇರಬೇಕು ಅಂತಲೂ ಅಲ್ಲ ಬಿಡಿ.

ಟೀ ಅಂಗಡಿಯಲ್ಲಿ ಕೂತಿದ್ದ ಯಜಮಾನರೊಬ್ಬರನ್ನು ಮಾತಾಡಿಸಿದೆ. ಕ್ಯಾಮೆರಾ ಬೇಡ ಅಂದರು, ಮಾತು ಮಾತ್ರ ಆಡಿದರು. 2004 ಅಂದ ತಕ್ಷಣ ನಕ್ಕರು.

"ಡ್ರೈವರ್ ಕಥೆ ಕೇಳೋಕ್ ಬಂದಿದ್ದೀಯಾ? ಎಲ್ಲಾರೂ ಅದ್ನೇ ಕೇಳ್ತಾರೆ ಕಣಪ್ಪ."

ಡ್ರೈವರ್ ಕಥೆ ಏನಪ್ಪಾ ಅಂದರೆ ಇದು. ಮತದಾನದ ದಿನ ಕೃಷ್ಣಮೂರ್ತಿ ಅವರ ಕಾರಿನ ಚಾಲಕನಿಗೆ ಓಟು ಹಾಕಲು ಬಿಡುವು ಸಿಗಲಿಲ್ಲ. ದಿನವಿಡೀ ಅಭ್ಯರ್ಥಿಯನ್ನು ಬೂತಿನಿಂದ ಬೂತಿಗೆ ಸುತ್ತಿಸುವುದರಲ್ಲೇ ಹೊತ್ತು ಹೋಯಿತು. ಎಣಿಕೆ ಮುಗಿದಾಗ ಸೋತದ್ದು ಒಂದೇ ಓಟಿನಿಂದ. ಪತ್ರಿಕೆಗಳಲ್ಲಿ ಬಂದು, ಬಾಯಿಂದ ಬಾಯಿಗೆ ಹೋಗಿ, ಈ ಕಥೆ ಈಗ ದೇಶಕ್ಕೆಲ್ಲ ಗೊತ್ತು. ಎಲ್ಲರೂ ಕೊನೆಗೆ ಹೇಳುವ ಮಾತು ಒಂದೇ: "ಆ ಡ್ರೈವರ್ ಒಬ್ಬ ಓಟು ಹಾಕಿದ್ದರೆ ಗೆದ್ದುಬಿಡುತ್ತಿದ್ದರು."

ಇಲ್ಲ. ಗೆಲ್ಲುತ್ತಿರಲಿಲ್ಲ.

ಸುಮ್ನೆ ಕೂಡಿಸಿ ನೋಡಿ. 40,751ಕ್ಕೆ ಒಂದು ಸೇರಿಸಿದರೆ 40,752. ಆ ಕಡೆಯೂ 40,752. ಅಂದರೆ ಸಮ. ಗೆಲ್ಲಲು ಇನ್ನೂ ಒಂದು ಓಟು ಬೇಕಿತ್ತು. ಇಷ್ಟು ವರ್ಷ ಈ ಕಥೆ ಹೇಳಿದವರಲ್ಲಿ ಎಷ್ಟು ಜನ ಈ ಲೆಕ್ಕ ಮಾಡಿದ್ದಾರೋ ಗೊತ್ತಿಲ್ಲ. ಯಜಮಾನರಿಗೆ ಇದನ್ನು ಹೇಳಿದೆ. ಬೆರಳು ಮಡಚಿ ಲೆಕ್ಕ ಹಾಕಿದರು. "ಅಯ್ಯೋ, ಹೌದಲ್ವಾ!" ಅಂದರು.

ಹಾಗಾದರೆ ಓಟು ಸಮ ಬಿದ್ದರೆ ಏನು ಮಾಡುತ್ತಾರೆ? 1951ರ ಜನಪ್ರತಿನಿಧಿ ಕಾಯ್ದೆಯ 65ನೇ ಸೆಕ್ಷನ್ ಇದಕ್ಕೆಂದೇ ಇದೆ. ಚುನಾವಣಾಧಿಕಾರಿ ಅಲ್ಲೇ ಚೀಟಿ ಎತ್ತಬೇಕು. ಯಾರ ಹೆಸರು ಬರುತ್ತದೋ ಅವರಿಗೆ ಒಂದು ಓಟು ಜಾಸ್ತಿ ಬಿದ್ದಿದೆ ಅಂತ ಲೆಕ್ಕ ಹಿಡಿಯುತ್ತಾರೆ. ಮರುಚುನಾವಣೆ ಇಲ್ಲ, ಅವಧಿಯನ್ನು ಹಂಚಿಕೊಳ್ಳುವುದೂ ಇಲ್ಲ. ಅಂದರೆ ಡ್ರೈವರ್ ಓಟು ಹಾಕಿದ್ದರೆ ಕೃಷ್ಣಮೂರ್ತಿ ಅವರಿಗೆ ಸಿಗುತ್ತಿದ್ದದ್ದು ಗೆಲುವಲ್ಲ, ಒಂದು ಚೀಟಿ.

ಇದು ಬರೀ ಕಾನೂನು ಪುಸ್ತಕದ ಮಾತಲ್ಲ, ನಿಜವಾಗಿಯೂ ನಡೆದಿದೆ. ಮುಂಬೈ ಪಾಲಿಕೆಯ 2017ರ ಚುನಾವಣೆಯಲ್ಲಿ ಒಂದು ವಾರ್ಡಿನ ಇಬ್ಬರಿಗೆ ಸಮ ಓಟು ಬಿದ್ದು ಲಾಟರಿಯಲ್ಲಿ ತೀರ್ಮಾನ ಆಯಿತು. ಅದೇ ವರ್ಷ ಅಮೆರಿಕದ ವರ್ಜೀನಿಯಾ ರಾಜ್ಯದ ಕೆಳಮನೆಯ 94ನೇ ಕ್ಷೇತ್ರದಲ್ಲಿ ಇನ್ನೂ ದೊಡ್ಡ ನಾಟಕ. ಡೆಮಾಕ್ರಟಿಕ್ ಪಕ್ಷದ ಶೆಲ್ಲಿ ಸೈಮಂಡ್ಸ್, ರಿಪಬ್ಲಿಕನ್ ಡೇವಿಡ್ ಯಾನ್ಸಿ. ಮರುಎಣಿಕೆಯಲ್ಲಿ ಸೈಮಂಡ್ಸ್ ಒಂದು ಓಟಿನಿಂದ ಗೆದ್ದರು. ಮಾರನೇ ದಿನ ನ್ಯಾಯಾಧೀಶರು ಒಂದು ಮತಪತ್ರ ಎತ್ತಿಕೊಂಡರು. ಅದರಲ್ಲಿ ಇಬ್ಬರ ಹೆಸರಿನ ಮುಂದೆಯೂ ಗುರುತು ಇತ್ತು. ಅದನ್ನು ಯಾನ್ಸಿ ಲೆಕ್ಕಕ್ಕೆ ಸೇರಿಸಿದರು. ಇಬ್ಬರಿಗೂ 11,608 ಆಯಿತು. 2018ರ ಜನವರಿ 4ರಂದು ಒಂದು ಬೋಗುಣಿಯಿಂದ ಹೆಸರು ಎತ್ತಿದರು, ಯಾನ್ಸಿ ಗೆದ್ದರು. ಆ ಒಂದು ಸೀಟಿನಿಂದ ಸದನ ರಿಪಬ್ಲಿಕನ್ನರ ಕೈಯಲ್ಲೇ ಉಳಿಯಿತು, 51ಕ್ಕೆ 49. ಎರಡು ವರ್ಷದ ನಂತರ ಇಬ್ಬರೂ ಮತ್ತೆ ನಿಂತರು, ಸೈಮಂಡ್ಸ್ ಗೆದ್ದರು.

ಸಂತೇಮರಹಳ್ಳಿಯಲ್ಲಿ ಅಂಥ ಗುರುತಿನ ಜಗಳಕ್ಕೆ ಜಾಗ ಇರಲಿಲ್ಲ. 2004ರಲ್ಲಿ ಇಡೀ ದೇಶ ಓಟು ಹಾಕಿದ್ದು ಮತಯಂತ್ರದಲ್ಲಿ. ಮಡಚಿದ ಪೇಪರ್ ಇಲ್ಲ, ಒರೆಸಿಕೊಂಡ ಶಾಯಿ ಇಲ್ಲ.

ನನಗೆ ಈ ಡ್ರೈವರ್ ಕಥೆಯ ಮೇಲೆ ಇನ್ನೂ ಒಂದು ತಕರಾರಿದೆ. ಆ ವರ್ಷ ಈ ಕ್ಷೇತ್ರದಲ್ಲಿ ಓಟು ಹಾಕದೆ ಮನೆಯಲ್ಲಿ ಉಳಿದವರು ಸಾವಿರಾರು ಜನ. ಕೆಲಸಕ್ಕೆ ಬೆಂಗಳೂರಿಗೆ ಹೋದವರು, ಕಬ್ಬು ಕಡಿಯಲು ಹೋದವರು, ಮೈ ಸರಿ ಇಲ್ಲದವರು, ಬಿಸಿಲು ಅಂತ ಎದ್ದೇಳದವರು. ಏಪ್ರಿಲ್ ಬಿಸಿಲು ಈ ಕಡೆ ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಗೊತ್ತು. ಅವರಲ್ಲಿ ಯಾರ ಹೆಸರೂ ಕಥೆಯಲ್ಲಿ ಬರಲಿಲ್ಲ. ಇಡೀ ಭಾರ ಹೋಗಿ ಬಿದ್ದದ್ದು ಒಬ್ಬ ಡ್ರೈವರ್ ಮೇಲೆ. ಅವನಿಗೆ ಬಿಡುವು ಕೊಡಬೇಕಾದವರು ಯಾರು ಅನ್ನುವ ಪ್ರಶ್ನೆ ಕೂಡ ಎಷ್ಟೋ ಸಲ ಕಥೆಯಿಂದ ಬಿಟ್ಟುಹೋಗುತ್ತದೆ.

ಅದಕ್ಕೂ ಕಾನೂನಿದೆ. ಅದೇ ಕಾಯ್ದೆಯ 135ಬಿ ಸೆಕ್ಷನ್ ಪ್ರಕಾರ ಮತದಾನದ ದಿನ ವ್ಯಾಪಾರ, ಕಾರ್ಖಾನೆ, ಬೇರೆ ಸಂಸ್ಥೆಗಳಲ್ಲಿ ದುಡಿಯುವ ಮತದಾರರಿಗೆ ಸಂಬಳ ಸಹಿತ ರಜೆ ಕೊಡಲೇಬೇಕು. ದಿನಗೂಲಿಯವರಿಗೂ ಇದು ಅನ್ವಯಿಸುತ್ತದೆ. ಆದರೆ ಮನೆಯ ಕಾರು ಓಡಿಸುವವರು, ಮನೆಕೆಲಸದವರು ಅಂತ ಅದರಲ್ಲಿ ಎತ್ತಿ ಹೇಳಿಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ಹಾಗೆ ಕೆಲಸಕ್ಕಿದ್ದರೆ ಆ ದಿನ ನೀವೇ ಕಳಿಸಿಕೊಡಿ, ಅಷ್ಟೇ.

ಸರಿ, ಈಗ ಮುಂದಿನ ಕಥೆ. ನಿಜ ಹೇಳಬೇಕು ಅಂದರೆ ನನಗೆ ಆ ಒಂದು ಓಟಿಗಿಂತ ಇದೇ ಜಾಸ್ತಿ ಹಿಡಿಸಿತು.

ಮೊದಲು ಈ ಇಬ್ಬರು ಯಾರು ಅಂತ ನೋಡಿ. ಕೃಷ್ಣಮೂರ್ತಿ ಅವರು ಆಲೂರಿನ ಬಿ. ರಾಚಯ್ಯನವರ ಮಗ. ರಾಚಯ್ಯ ಅಂದರೆ ಈ ಭಾಗದ ದೊಡ್ಡ ಹೆಸರು. ರಾಜ್ಯದಲ್ಲಿ ಮಂತ್ರಿಯಾಗಿದ್ದವರು, ಆಮೇಲೆ ಹಿಮಾಚಲ ಪ್ರದೇಶಕ್ಕೂ ಕೇರಳಕ್ಕೂ ರಾಜ್ಯಪಾಲರಾಗಿದ್ದವರು. ಧ್ರುವನಾರಾಯಣ ಹೆಗ್ಗವಾಡಿಯವರು. ಇಬ್ಬರದ್ದೂ ಇದೇ ಚಾಮರಾಜನಗರ ತಾಲ್ಲೂಕು. ಒಂದೇ ನೀರು, ಒಂದೇ ಸಂತೆ, ಒಂದೇ ಬಸ್ಸು.

2004ರ ಫಲಿತಾಂಶ ಬಂದಾಗ ರಾಜ್ಯದಲ್ಲಿ ಯಾರಿಗೂ ಬಹುಮತ ಇಲ್ಲ. ಬಿಜೆಪಿ 79, ಕಾಂಗ್ರೆಸ್ 65, ಜೆಡಿಎಸ್ 58. ಕೆಲವೇ ದಿನಗಳಲ್ಲಿ ಕಾಂಗ್ರೆಸ್, ಜೆಡಿಎಸ್ ಕೈ ಜೋಡಿಸಿದವು, ಧರಂಸಿಂಗ್ ಮುಖ್ಯಮಂತ್ರಿ ಆದರು. ಇಲ್ಲಿ ಕಾರ್ಯಕರ್ತರು ಒಂದೊಂದು ಓಟಿಗೂ ಮುಖ ಮುಖ ನೋಡದಷ್ಟು ಕಾದಾಡಿದ್ದರು. ಅಲ್ಲಿ ಎರಡೂ ಪಕ್ಷ ಒಂದೇ ಸರ್ಕಾರದಲ್ಲಿ ಕೂತವು. ಈ ಮಾತು ಬಂದಾಗ ಯಜಮಾನರು ಟೀ ಲೋಟ ಕೆಳಗಿಟ್ಟು, "ಅದೇ ನೋಡು, ನಮ್ಮೂರಲ್ ಮಾತು ಬಿಟ್ಟೋರು ಇನ್ನೂ ಮಾತಾಡಿಲ್ಲ" ಅಂದರು.

ಆಮೇಲೆ 2009ರ ಲೋಕಸಭಾ ಚುನಾವಣೆ, ಚಾಮರಾಜನಗರ ಕ್ಷೇತ್ರ. ಮತ್ತೆ ಅದೇ ಇಬ್ಬರು. ಧ್ರುವನಾರಾಯಣ ಕಾಂಗ್ರೆಸ್ಸಿನಿಂದಲೇ. ಕೃಷ್ಣಮೂರ್ತಿ ಈ ಸಲ ಬಿಜೆಪಿಯಿಂದ. ಧ್ರುವನಾರಾಯಣ ಗೆದ್ದರು, ಸುಮಾರು 4 ಸಾವಿರ ಓಟಿನಿಂದ. ಲೋಕಸಭೆಯ ಲೆಕ್ಕದಲ್ಲಿ ಅದೂ ಕೂದಲೆಳೆಯೇ. 2014ರಲ್ಲಿ ಮೂರನೇ ಸಲ ಎದುರಾಳಿಗಳು. ಆಗ ಮಾತ್ರ ಅಂತರ ಲಕ್ಷ ದಾಟಿತು. ಗೆದ್ದವರು ಮತ್ತೆ ಧ್ರುವನಾರಾಯಣ.

2018ರ ಹೊತ್ತಿಗೆ ಕೃಷ್ಣಮೂರ್ತಿ ಕಾಂಗ್ರೆಸ್ಸಿಗೆ ಬಂದಿದ್ದರು. ಕೊಳ್ಳೇಗಾಲದಿಂದ ನಿಂತರು. ಗೆದ್ದವರು ಬಿಎಸ್‌ಪಿಯ ಎನ್. ಮಹೇಶ್. ಆ ಸಲ ರಾಜ್ಯದಲ್ಲಿ ಬಿಎಸ್‌ಪಿ ಗೆದ್ದ ಒಂದೇ ಸೀಟು ಅದು.

2019ರಲ್ಲಿ ಚಕ್ರ ತಿರುಗಿತು. ಲೋಕಸಭೆಗೆ ಧ್ರುವನಾರಾಯಣ ಎದುರು ಬಿಜೆಪಿಯಿಂದ ವಿ. ಶ್ರೀನಿವಾಸ ಪ್ರಸಾದ್. ಲಕ್ಷಗಟ್ಟಲೆ ಓಟು ಎಣಿಸಿ ಮುಗಿದಾಗ ಧ್ರುವನಾರಾಯಣ 1,817 ಓಟಿನಿಂದ ಸೋತಿದ್ದರು. ಹಿಂದೆ ಒಂದು ಓಟಿನಿಂದ ಗೆದ್ದವರು ಇವರೇ. ಸಣ್ಣ ಅಂತರದ ಎರಡೂ ರುಚಿ ಕಂಡ ರಾಜಕಾರಣಿಗಳು ಎಷ್ಟು ಜನ ಸಿಗುತ್ತಾರೆ ಹೇಳಿ?

2023ರ ಮಾರ್ಚ್‌ನಲ್ಲಿ ಧ್ರುವನಾರಾಯಣ ಮೈಸೂರಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ವಿಧಾನಸಭಾ ಚುನಾವಣೆಗೆ ಎರಡು ತಿಂಗಳೂ ಇರಲಿಲ್ಲ. ಅವರು ನಿಲ್ಲಬೇಕು ಅಂದುಕೊಂಡಿದ್ದ ನಂಜನಗೂಡಿನಲ್ಲಿ ಮಗ ದರ್ಶನ್ ನಿಂತು ಗೆದ್ದರು. ಇತ್ತ ಕೊಳ್ಳೇಗಾಲದಲ್ಲಿ ಕೃಷ್ಣಮೂರ್ತಿ ಮತ್ತೆ ಕಾಂಗ್ರೆಸ್ಸಿನಿಂದ ನಿಂತರು. ಎದುರು ಅದೇ ಮಹೇಶ್, ಅಷ್ಟರಲ್ಲಿ ಅವರು ಬಿಜೆಪಿಗೆ ಹೋಗಿದ್ದರು. ಕೃಷ್ಣಮೂರ್ತಿ ಗೆದ್ದ ಅಂತರ 59 ಸಾವಿರಕ್ಕೂ ಜಾಸ್ತಿ. ಒಂದು ಓಟಿನಿಂದ ಸೋತವರು, ಹತ್ತೊಂಬತ್ತು ವರ್ಷ ಆದಮೇಲೆ, ಆವತ್ತು ತಮ್ಮನ್ನು ಸೋಲಿಸಿದ ಪಕ್ಷದ ಟಿಕೆಟ್ಟಿನಲ್ಲೇ. ಪೋಸ್ಟರ್ ಮಾಡುವವರು ಈ ಅರ್ಧವನ್ನು ಯಾಕೆ ಬಿಡುತ್ತಾರೋ!

ಈಗ ನಿಮಗೊಂದು ಪ್ರಶ್ನೆ ಬಂದಿರಬೇಕು. ಕೃಷ್ಣಮೂರ್ತಿ ಸಂತೇಮರಹಳ್ಳಿ ಬಿಟ್ಟು ಕೊಳ್ಳೇಗಾಲಕ್ಕೆ ಯಾಕೆ ಹೋದರು? ಹೋಗಲಿಲ್ಲ. ಕ್ಷೇತ್ರವೇ ಹೋಯಿತು.

2001ರ ಜನಗಣತಿ ಇಟ್ಟುಕೊಂಡು ನ್ಯಾಯಮೂರ್ತಿ ಕುಲದೀಪ್ ಸಿಂಗ್ ಆಯೋಗ ಕ್ಷೇತ್ರಗಳ ಗಡಿಗಳನ್ನು ಹೊಸದಾಗಿ ಎಳೆಯಿತು. ರಾಜ್ಯದ ಒಟ್ಟು ಸೀಟು 224 ಹಾಗೇ ಇರಬೇಕು. ಆದರೆ ಜನ ಬೆಂಗಳೂರಿಗೆ ಸೇರಿದ್ದರು. ಅಲ್ಲಿ ಸೀಟು ಏರಿತು, ಹಳ್ಳಿ ಜಿಲ್ಲೆಗಳಲ್ಲಿ ಇಳಿಯಿತು. ಚಾಮರಾಜನಗರ ಜಿಲ್ಲೆಯಲ್ಲಿ ಐದು ಇದ್ದದ್ದು ನಾಲ್ಕಾಯಿತು: ಹನೂರು, ಕೊಳ್ಳೇಗಾಲ, ಚಾಮರಾಜನಗರ, ಗುಂಡ್ಲುಪೇಟೆ. ಸಂತೇಮರಹಳ್ಳಿ ಹೆಸರು ಅಳಿಸಿತು. 2008ರ ಚುನಾವಣೆಯಿಂದ ಈ ಸರ್ಕಲ್ಲು, ಯಳಂದೂರು ಎಲ್ಲ ಕೊಳ್ಳೇಗಾಲ ಕ್ಷೇತ್ರದೊಳಗೆ. ಆ ಹೊಸ ಕೊಳ್ಳೇಗಾಲದ ಮೊದಲ ಶಾಸಕ ಯಾರು ಗೊತ್ತಾ? ಧ್ರುವನಾರಾಯಣ. ಮಾರನೇ ವರ್ಷ ಸಂಸದರಾಗಿ ಹೋಗಿದ್ದರಿಂದ ಇಲ್ಲಿ ಉಪಚುನಾವಣೆ ನಡೆಯಿತು.

ಹಾಗಾಗಿ ಆ ಪ್ರಸಿದ್ಧ ಒಂದು ಓಟು ಬಿದ್ದದ್ದು ಈ ಕ್ಷೇತ್ರದ ಕೊನೆಯ ಚುನಾವಣೆಯಲ್ಲಿ. ಅದಾದಮೇಲೆ ಇಲ್ಲಿ ಸಂತೇಮರಹಳ್ಳಿ ಶಾಸಕರು ಅಂತ ಯಾರೂ ಆಗಲಿಲ್ಲ.

ಇದು ಸಣ್ಣ ವಿಷಯ ಅಂತ ಬೆಂಗಳೂರಲ್ಲಿ ಕೂತು ಅನ್ನಿಸಬಹುದು. ಇಲ್ಲಿ ಹಾಗಲ್ಲ. ಮುಂಚೆ ಶಾಸಕರ ಸಭೆ, ಪಕ್ಷದ ಆಫೀಸು, ಮೆರವಣಿಗೆ ಎಲ್ಲಕ್ಕೂ ಈ ಊರೇ ಕೇಂದ್ರ. ಈಗ ತಾಲ್ಲೂಕು ಕೆಲಸಕ್ಕೆ ಚಾಮರಾಜನಗರ, ಶಾಸಕರ ಕೆಲಸಕ್ಕೆ ಕೊಳ್ಳೇಗಾಲ. ಒಂದು ಅರ್ಜಿ ಹಿಡಿದುಕೊಂಡು ಪೂರ್ವಕ್ಕೆ ಹೋಗಬೇಕಾ ಪಶ್ಚಿಮಕ್ಕೆ ಹೋಗಬೇಕಾ ಅಂತ ಜನ ಇದೇ ಸರ್ಕಲ್ಲಿನಲ್ಲಿ ನಿಂತು ಯೋಚನೆ ಮಾಡುತ್ತಾರೆ.

ಇನ್ನು ಒಂದಂಕಿ, ಎರಡಂಕಿ ಅಂತರ ನಮ್ಮಲ್ಲಿ ಇಲ್ಲಿಗೇ ಮುಗಿದಿಲ್ಲ. 2008ರಲ್ಲಿ ರಾಜಸ್ಥಾನದ ನಾಥದ್ವಾರದಲ್ಲಿ ಸಿ.ಪಿ. ಜೋಶಿ ಸೋತದ್ದು ಒಂದೇ ಓಟಿನಿಂದ. 62,216ಕ್ಕೆ 62,215. ಆಗ ಅವರು ಅಲ್ಲಿನ ಪ್ರದೇಶ ಕಾಂಗ್ರೆಸ್ ಅಧ್ಯಕ್ಷರು. 2023ರಲ್ಲಿ ನಮ್ಮ ಜಯನಗರದಲ್ಲಿ ರಾತ್ರಿಯವರೆಗೂ ಎಣಿಕೆ, ಮರುಎಣಿಕೆ. ಕೊನೆಗೆ ಬಿಜೆಪಿಯ ಸಿ.ಕೆ. ರಾಮಮೂರ್ತಿ 16 ಓಟಿನಿಂದ ಕಾಂಗ್ರೆಸ್ಸಿನ ಸೌಮ್ಯಾ ರೆಡ್ಡಿ ಅವರನ್ನು ಸೋಲಿಸಿದರು. ಜಯನಗರದ ಕಥೆಗೆ ಬೇರೆ ವಿಡಿಯೋನೇ ಬೇಕು.

ಹೊರಡುವ ಮುಂಚೆ ಯಜಮಾನರನ್ನು ಇನ್ನೊಂದು ಕೇಳಿದೆ. 2026ರ ನಂತರದ ಮೊದಲ ಜನಗಣತಿ ಆದಮೇಲೆ ಸೀಟುಗಳ ಸಂಖ್ಯೆ ಬದಲಾಗಬಹುದು, ಗಡಿಗಳನ್ನು ಮತ್ತೆ ಎಳೆಯಬಹುದು ಅಂತ ಸಂವಿಧಾನದಲ್ಲೇ ಇದೆ. ಆಗ ಸಂತೇಮರಹಳ್ಳಿ ಮತ್ತೆ ಕ್ಷೇತ್ರ ಆಗುತ್ತಾ?

ಪಕ್ಕದ ಬೆಂಚಿನಲ್ಲಿ ಕೂತಿದ್ದವರೂ ಈ ಮಾತಿಗೆ ಬಂದು ಸೇರಿಕೊಂಡರು. ಒಬ್ಬರು ಆಗೇ ಆಗುತ್ತೆ ಅಂದರು. ಇನ್ನೊಬ್ಬರು ಬೆಂಗಳೂರಿಗೇ ಇನ್ನಷ್ಟು ಸೀಟು ಹೋಗುತ್ತೆ ನೋಡ್ತಿರು ಅಂದರು. ಆದರೆ ಮೀಸಲು ಉಳಿಯುತ್ತಾ ಜನರಲ್ ಆಗುತ್ತಾ ಅನ್ನುವುದರ ಮೇಲೆ ಜೋರು ಮಾತು ಶುರುವಾಯಿತು. ಯಾರು ಯಾರು ಟಿಕೆಟ್ ಕೇಳಬಹುದು ಅನ್ನುವವರೆಗೂ ಹೋಯಿತು. ಯಜಮಾನರು ನನ್ನ ಕಡೆ ತಿರುಗಿ ಹೇಳಿದರು: "ಕ್ಷೇತ್ರವೇ ಇಲ್ಲ, ಆಗ್ಲೇ ಮೂರ್ ಜನ ಕ್ಯಾಂಡಿಡೇಟ್ ರೆಡಿ ಮಾಡವ್ರೆ ನೋಡು."